ಸದಾನಂದನ ಮೂಗು

ಕಳೆದ ತಿಂಗಳು ಪುಣೆಯ ಒಂದು ಬ್ರೂವರಿಯಲ್ಲಿ, ಹಾಡಹಗಲಲ್ಲಿ, ನನ್ನ ಮೂವತ್ತು ವರ್ಷದ ಗೆಳೆಯನನ್ನು ನಾನು ಎಲ್ಲರೆದುರು ನಗೆಪಾಟಲು ಮಾಡಿದೆ. ಸಾಲದು ಅಂತ ವಿಡಿಯೋ ಕೂಡ ಮಾಡಿದೆ.

ಸದಾನಂದ ನಿಮಗೆ ಗೊತ್ತು. ಈ ಅಂಕಣದಲ್ಲಿ ಮೂರ್ನಾಲ್ಕು ಸಲ ಬಂದುಹೋಗಿದ್ದಾನೆ. (ಗೊತ್ತಿಲ್ಲದವರಿಗೆ: ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎರಡು ಲೇತ್ ಮಷಿನ್ ಇಟ್ಟುಕೊಂಡು ಪಂಪಿನ ಬಿಡಿಭಾಗ ಮಾಡುವವನು. ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಮೂರು ರಸ್ತೆ ಆಚೆ ಅವನ ಮನೆ.) ದಿನವಿಡೀ ಆಯಿಲ್ ವಾಸನೆಯಲ್ಲಿ ನಿಲ್ಲುವ ಮನುಷ್ಯನಿಗೆ ಅಂಥ ಮೂಗು ಎಲ್ಲಿಂದ ಬಂತೋ, ಆ ದೇವರೇ ಬಲ್ಲ.

ಅದು ಪತ್ತೆಯಾಗಿದ್ದೂ ಪುಣೆಯಲ್ಲೇ. ಹನ್ನೆರಡು ವರ್ಷದ ಹಿಂದೆ ಯಾವುದೋ ಮದುವೆಗೆ ಹೋಗಿದ್ದೆವು. ಅಲ್ಲಿಯವರೆಗೆ ನಮಗೆ ಬಿಯರ್ ಅಂದರೆ ಡಾ. ರಾಜ್‌ಕುಮಾರ್ ರಸ್ತೆಯ ಬಾರಿನಲ್ಲಿ ಸಿಗುವ ಸ್ಟ್ರಾಂಗ್ ಬಾಟಲಿ, ಜೊತೆಗೆ ಒಂದು ಪ್ಲೇಟ್ ಕಡ್ಲೆಬೀಜ ಮಸಾಲ. ಅಷ್ಟೇ. ಆ ದಿನ ಮಧ್ಯಾಹ್ನ ಬಿಸಿಲು ತಡೆಯಲಾಗದೆ ಒಂದು ಕಡೆ ನುಗ್ಗಿದೆವು. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಕೊಡುವ ಜಾಗ. ಮರದ ಹಲಗೆಯ ಮೇಲೆ ಆರು ಪುಟ್ಟ ಗ್ಲಾಸ್ ತಂದಿಟ್ಟರು. ಸದಾನಂದ ಒಂದನ್ನು ಮೂಗಿಗೆ ಹಿಡಿದು, ‘ಇದ್ರಲ್ಲಿ ಕಿತ್ತಳೆ ಸಿಪ್ಪೆ ಇದೆ ಕಣೋ. ಕೊತ್ತಂಬರಿ ಬೀಜಾನೂ ಹಾಕವ್ರೆ’ ಅಂದ. ನಾನು ನಕ್ಕೆ. ಬಿಯರ್ ಮಾಡುವವನನ್ನೇ ಕರೆಸಿ ಕೇಳಿದೆವು. ಎರಡೂ ನಿಜ!

ಅವತ್ತಿನಿಂದ ವರ್ಷಕ್ಕೊಂದು ಊರು. ಗೋವಾದಲ್ಲಿ ಬೇಕರಿ ಪಕ್ಕದ ಅಂಗಡಿಯ ಫ್ರಿಜ್ಜಿನಲ್ಲಿ ಕೋಕಂ ಹಾಕಿದ ಬಿಯರ್ ಸಿಕ್ಕಿತು. ಪುದುಚೇರಿಯ ಒಂದು ಸಣ್ಣ ಬಾರಿನಲ್ಲಿ ಸುಟ್ಟ ಬೆಲ್ಲದ್ದು. ಶಿಲ್ಲಾಂಗಿನಲ್ಲಿ ಅನಾನಸ್‌ದು. ನಾನು ಕುಡಿಯುತ್ತಿದ್ದೆ, ಅವನು ಮೂಸುತ್ತಿದ್ದ. ಅವನು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಓದುಗರು ಮೆಚ್ಚಿಕೊಂಡು ಮೇಲ್ ಮಾಡುತ್ತಿದ್ದರು. ಕ್ರೆಡಿಟ್ ಯಾರಿಗೆ? ನನಗೆ.

ಈ ಸಲ ಮತ್ತೆ ಪುಣೆ. ಮೊದಲ ಬ್ರೂವರಿಯಲ್ಲೇ ಏನೋ ಬದಲಾಗಿತ್ತು. ‘ನೀನೇ ಫಸ್ಟ್ ಹೇಳು’ ಅಂದ ಸದಾನಂದ. ನಾನು ‘ಕಾಫಿ ತರ ಇದೆ’ ಅಂದೆ. ಅವನು ಕಣ್ಣು ಮುಚ್ಚಿ, ‘ಹೂಂ, ಕಾಫಿ. ಈಗ ತಾನೇ ಹುರಿದಿದ್ದು. ಪರ್ವಾಗಿಲ್ಲ ಕಣೋ, ಕಲ್ತ್‌ಬಿಟ್ಟೆ ನೀನು’ ಅಂದ.

ನಾನು ಉಬ್ಬಿಹೋದೆ. ಹೊಗಳಿದರೆ ಯಾರಾದರೂ ಅನುಮಾನ ಪಡುತ್ತಾರಾ?

ಎರಡನೇ ಕಡೆ ಬಿಯರ್ ಮಾಡುವವಳು ಒಬ್ಬ ತರುಣಿ. ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನಿಂದ, ಅಂದರೆ ಮೊಳಕೆ ಬಾರ್ಲಿಯಿಂದ, ಏನೋ ಪ್ರಯೋಗ ಮಾಡಿದ್ದಳು. ನೋಡಲು ತಿಳಿ ಹೊಂಬಣ್ಣ. ಗ್ಲಾಸು ಮೂಗಿನ ಹತ್ತಿರ ಬಂದರೆ ಸಾಕು, ಸುಟ್ಟ ಒಣಮೀನಿನ ವಾಸನೆ. ನನಗೆ ತುಂಟತನ ಹತ್ತಿತು. ಅವಳಿಗೆ ಕಣ್ಣು ಹೊಡೆದು, ಸದಾನಂದನ ಮುಂದೆ ಗ್ಲಾಸಿಟ್ಟು, ‘ಗುಲಾಬಿ ಹಾಕವ್ರಂತೆ, ನೋಡು’ ಅಂದೆ. ಫೋನಿನ ಕ್ಯಾಮೆರಾ ಆನ್ ಮಾಡಿದೆ. ಒಂದೇ ಸಲ ಮೂಸಿ ‘ಯಾವನೋ ಹೇಳಿದ್ದು ಗುಲಾಬಿ ಅಂತ’ ಎಂದು ನನ್ನ ಜನ್ಮ ಜಾಲಾಡುತ್ತಾನೆ ಅಂತ ಕಾಯುತ್ತಿದ್ದೆ.

ಅವನು ನಿಧಾನವಾಗಿ ಮೂಸಿದ. ಒಂದು ಗುಟುಕು ಕುಡಿದ. ‘ಆಹಾ. ಮದುವೆ ಮನೆ ಬಾಗ್ಲಲ್ಲಿ ಪನ್ನೀರು ಚಿಮುಕ್ಸಿದಂಗಿದೆ’ ಅಂದ.

ಅವಳು ನಕ್ಕಳು. ಪಕ್ಕದ ಟೇಬಲಿನವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ‘ಏನ್ ಗುರು, ಮೂಗು ರಿಟೈರ್ ಆಯ್ತಾ?’ ಅಂದೆ. ಅವನೂ ನಕ್ಕ. ಕೈ ತೊಳೆದು ಬರ್ತೀನಿ ಅಂತ ಎದ್ದು ಹೋದ. ಅವನು ಬರುವಷ್ಟರಲ್ಲಿ ನಾನು ವಿಡಿಯೋವನ್ನು ನಮ್ಮ ಹಳೆ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದೆ. ನಗುವ ಮುಖಗಳು ಸಾಲಾಗಿ ಬಂದವು.

ಬಂದವು, ಸದಾನಂದ ಬರಲಿಲ್ಲ.

ಹುಡುಕಿಕೊಂಡು ಹೋದೆ. ಹೊರಗೆ ಪಾರ್ಕಿಂಗ್ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತ ಮೇಲೂ ತಿರುಗಿ ನೋಡಲಿಲ್ಲ.

‘ಎಂಟು ತಿಂಗ್ಳಾಯ್ತು ಕಣೋ’ ಅಂದ. ‘ಏನೂ ಬರಲ್ಲ.’

ಎಂಟು ತಿಂಗಳ ಹಿಂದೆ ಸುಂಕದಕಟ್ಟೆಯ ಹತ್ತಿರ ಸ್ಕೂಟರಿನಿಂದ ಬಿದ್ದು ತಲೆಗೆ ಏಟು ಮಾಡಿಕೊಂಡಿದ್ದ. ನಾನು ಎಳನೀರು ತಗೊಂಡು ನೋಡಲು ಹೋಗಿದ್ದೆ. ಹಣೆಯ ಹೊಲಿಗೆ ನೋಡಿ ತಮಾಷೆ ಮಾಡಿದ್ದೆ. ಹೊಲಿಗೆ ಮಾಯಿತು. ಮೂಗು ಮಾತ್ರ ವಾಪಸ್ ಬರಲಿಲ್ಲವಂತೆ. ಒಳಗಿನ ನರಕ್ಕೆ ಪೆಟ್ಟಾಗಿದೆ, ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರಂತೆ ಡಾಕ್ಟರು.

‘ಉಪ್ಪು, ಹುಳಿ, ಕಹಿ ಗೊತ್ತಾಗ್ತದೆ. ಮಿಕ್ಕಿದ್ದೆಲ್ಲ ಬರೀ ಅಗಿಯೋದು. ಮೊನ್ನೆ ಹಾಲುಕ್ಕಿ ಸ್ಟೌ ಆರೋಗಿದೆ. ಗ್ಯಾಸ್ ಬರ್ತಾನೇ ಇದೆ. ನಾನು ಹಾಲ್‌ನಲ್ಲಿ ಪೇಪರ್ ಓದ್ತಾ ಕೂತಿದೀನಿ. ಗಿರಿಜಾ ಟೆರೇಸಿಂದ ಇಳಿದು ಬಂದು ಕಿರುಚ್ಕೊಂಡಾಗ್ಲೇ ಗೊತ್ತಾಗಿದ್ದು.’

ಗಿರಿಜಾ ಅವನ ಹೆಂಡತಿ. ಅವತ್ತಿನಿಂದ ಅವನನ್ನು ಒಬ್ಬನೇ ಮನೆಯಲ್ಲಿ ಬಿಟ್ಟು ಕೆಂಗೇರಿಯ ಅಕ್ಕನ ಮನೆಗೂ ಹೋಗಿಲ್ಲವಂತೆ.

‘ನನಗ್ಯಾಕೋ ಹೇಳ್ಲಿಲ್ಲ?’ ಅಂದೆ.

‘ಹೇಳಿದ್ರೆ ಈ ಸಲ ಕರೀತಿದ್ಯಾ?’

ಸುಲಭದ ಪ್ರಶ್ನೆ. ‘ಕರೀತಿದ್ದೆ ಕಣೋ’ ಅನ್ನಲು ಒಂದು ಕ್ಷಣವೂ ಬೇಕಿರಲಿಲ್ಲ. ನಾನು ಎರಡು ಕ್ಷಣ ತಗೊಂಡೆ. ಆ ಎರಡು ಕ್ಷಣದಲ್ಲಿ ಅವನು ತಲೆಯಾಡಿಸಿ ಎದ್ದುಬಿಟ್ಟ. ಆಮೇಲೆ ನಾನು ಹೇಳಿದೆ. ಯಾರಿಗೆ ಬೇಕಿತ್ತು?

ವಿಡಿಯೋ ಡಿಲೀಟ್ ಮಾಡಿದೆ. ನೋಡಬೇಕಾದವರೆಲ್ಲ ನೋಡಿಯಾಗಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಅವನು ಕಿಟಕಿ ಕಡೆ ತಿರುಗಿ ಕೂತ. ನಾನು ಫೋನ್ ನೋಡುವ ನಾಟಕ ಮಾಡಿದೆ. ಅಷ್ಟು ವರ್ಷ ಪ್ರಯಾಣದಲ್ಲಿ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ ನಮಗೆ.

ಮುಂದಿನ ಭಾನುವಾರ ಅವನ ಮನೆಗೆ ಹೋದೆ. ಸದಾನಂದ ವರ್ಕ್‌ಶಾಪಿಗೆ ಹೋಗಿದ್ದ. (ಭಾನುವಾರ!) ಗಿರಿಜಾ ಕಾಫಿ ಕೊಟ್ಟು ಎದುರಿಗೆ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

‘ನಿಮ್ಮ ಜೊತೆ ಹೋಗೋಕೆ ಹದಿನೈದು ದಿನದಿಂದ ಓದ್ಕೊಂಡಿದ್ರು ಅಣ್ಣಾ’ ಅಂದರು.

‘ಏನನ್ನಮ್ಮಾ?’

‘ನಿಮ್ಮ ಅಂಕಣಾನೇ. ಹಳೇ ಪೇಪರ್ ಕಟಿಂಗ್ ಎಲ್ಲ ಇಟ್ಟವ್ರಲ್ಲ. ಯಾವ ಬಿಯರ್ ಕುಡ್ದಾಗ ತಾನು ಏನ್ ಹೇಳಿದ್ದೆ ಅಂತ ನೋಡಿ ನೋಡಿ ಬಾಯಿಪಾಠ ಮಾಡೋರು. ಬೇಡ ಕಣ್ರೀ, ನಿಜ ಹೇಳ್ಬಿಡಿ ಅಂದೆ. ಮೂಗಿಲ್ದಿದ್ರೆ ನನ್ ಜೊತೆ ಅವನಿಗೆ ಬೋರ್ ಆಗೋಗ್ತದೆ ಕಣೇ ಅಂದ್ರು.’

ಮನೆಗೆ ಬಂದು ನನ್ನ ಹಳೆಯ ಅಂಕಣಗಳನ್ನು ತೆಗೆದು ನೋಡಿದೆ. ಗೋವಾದ ಬಗ್ಗೆ ಬರೆದದ್ದರಲ್ಲಿ, ಅಲ್ಲಿ ಕುಡಿದ ಒಂದು ಗುಲಾಬಿ ಬಿಯರಿನ ವಿವರದಲ್ಲಿ ಸಿಕ್ಕಿತು. ಮದುವೆ ಮನೆ, ಬಾಗಿಲು, ಪನ್ನೀರು. ಪದಕ್ಕೆ ಪದ. ಅವನ ಮೂಗಿನ ಮಾತನ್ನು ನಾನು ಅಕ್ಷರಕ್ಕಿಳಿಸಿದ್ದೆ. ಆ ಅಕ್ಷರವನ್ನು ನೆಚ್ಚಿಕೊಂಡು ಅವನು ನನ್ನೆದುರು ಪಾಸಾಗಲು ನೋಡಿದ್ದ. ಪರೀಕ್ಷೆ ಇಟ್ಟವನು ಯಾರು?

ನಮ್ಮ ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಿಗ್ಗೆ ಐದಾರು ಜನರ ಒಂದು ವಾಕಿಂಗ್ ಗುಂಪಿದೆ. ಒಬ್ಬರಿಗೆ ಮೊಣಕಾಲು ನೋವು ಶುರುವಾಗಿ ಬರುವುದು ನಿಂತಿತು. ‘ನೋಡಿಕೊಂಡು ಬರೋಣ’ ಅಂದಾಗ ಅವರ ಮನೆ ಎಲ್ಲಿ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಏಳು ವರ್ಷ ಜೊತೆಗೆ ನಡೆದಿದ್ದರು. ಆಗ ಅವರನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ನನಗೆ ಗೆಳೆಯನ ಮನೆ ಗೊತ್ತು, ಅವನ ಹೆಂಡತಿಯ ಅಕ್ಕನ ಮನೆ ಕೂಡ ಗೊತ್ತು. ಎಂಟು ತಿಂಗಳಿಂದ ಅವನು ಅನ್ನವನ್ನು ಬರೀ ಅಗಿಯುತ್ತಿದ್ದಾನೆ ಅನ್ನುವುದು ಗೊತ್ತಿರಲಿಲ್ಲ. ಯಾರು ವಾಸಿ?

ಕ್ಷಮೆ ಕೇಳಿದ್ದೇನೆ. ‘ಬಿಡೋ, ತಮಾಷೆ ತಾನೇ’ ಅಂದ. ಅವನು ಸಿಟ್ಟು ಮಾಡಿಕೊಂಡಿಲ್ಲ. ಫೋನ್ ಎತ್ತುತ್ತಾನೆ. ಕೆಲಸ ಇದೆ ಅನ್ನುತ್ತಾನೆ. ಮೂರು ಶನಿವಾರ ಹೀಗೇ ಹೋಯಿತು.

ಮೊನ್ನೆ ಬಿಡದೆ ಮತ್ತೆ ಫೋನ್ ಮಾಡಿದೆ. ‘ಬಿಯರ್ ಬೇಡ, ಏನೂ ಬೇಡ. ಸುಮ್ನೆ ಮನೆಗೆ ಬರ್ತೀನಿ, ಕೂತ್ಕೊಳೋಣ’ ಅಂದೆ.

‘ಕೂತ್ಕೊಂಡು ಏನ್ ಮಾಡೋಣ?’ ಅಂದ. ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕೇಳಿದ.

ಮೂವತ್ತು ವರ್ಷದ ಸ್ನೇಹದಲ್ಲಿ ಇದಕ್ಕೊಂದು ಉತ್ತರ ಇರಬೇಕಿತ್ತಲ್ಲವೇ?