ಅಂಚಿಲ್ಲದ ಚಿತ್ರಗಳು

ಗುರುವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ನಾನು ಮತ್ತು ಮಗಳು ವಸುಧಾ. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ ಆ ಅಂಟಿನ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗೆ ಅದು ಗುರುವಾರಗಳ ವಾಸನೆ. ಎರಡು ವರ್ಷವಾಗಿತ್ತು, ಮೂಗಿಗೆ ಬಡಿದು.

ಚಾಮರಾಜಪೇಟೆಯ ಈ ಮನೆಯಲ್ಲಿ ಗುರುವಾರವೆಂದರೆ ಚಿತ್ರ ಅಂಟಿಸುವ ದಿನ. ತರುತ್ತಿದ್ದವಳು ನನ್ನ ಹೆಂಡತಿ ಕಮಲ. ಸೊಪ್ಪು ತರಲು ಹೋದವಳು ಕಾಟನ್‌ಪೇಟೆಯ ರದ್ದಿ ಅಂಗಡಿಗೂ ನುಗ್ಗಿ ಹಳೆಯ ಕ್ಯಾಲೆಂಡರು, ಸಿನಿಮಾದ ಸ್ಟಿಲ್ಲು, ಪತ್ರಿಕೆಯಿಂದ ಹರಿದ ಹಿಮಬೆಟ್ಟ, ತಿಮಿಂಗಿಲ, ಎಲ್ಲವನ್ನೂ ದಂಟಿನ ಜೊತೆಗೇ ಚೀಲಕ್ಕೆ ತುರುಕಿಕೊಂಡು ಬರುವಳು. ನೋಡಿದರೆ ಬೆರಗಾಗಬೇಕು, ಅಷ್ಟೇ ಅವಳ ನಿಯಮ. ಒಮ್ಮೆ ಜೇಡರ ಬಲೆಯ ಮೇಲಿನ ಇಬ್ಬನಿ ನೋಡುತ್ತ ಕೂತು ಸಾರು ಸೀಯಿಸಿದಳು. ಊಟಕ್ಕೆ ಬಂದ ನನ್ನ ಮುಂದೆ ಆ ಚಿತ್ರ ಇಟ್ಟು, "ಇವತ್ತು ಇದನ್ನ ನೋಡ್ಕೊಂಡು ಮಜ್ಜಿಗೆ ಅನ್ನ ತಿನ್ರಿ" ಎಂದಳು.

ನನ್ನ ನಿಯಮಗಳು ಜಾಸ್ತಿ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಚಿತ್ರಗಳೂ ಸಾಲಾಗಿ ನಿಲ್ಲಬೇಕು. ಎಂಟು ಇಂಚು, ಆರು ಇಂಚು, ಸ್ಟೀಲ್ ಸ್ಕೇಲು, ಬ್ಲೇಡು. ಪ್ರತಿ ಚಿತ್ರದ ಬಿಳಿ ಅಂಚಿನಲ್ಲಿ ಅವಳು ಪೆನ್ಸಿಲ್ಲಿನಿಂದ ಒಂದು ಸಾಲು ಬರೆದಿರುತ್ತಿದ್ದಳು. ನಾನು ಓದುತ್ತಿರಲಿಲ್ಲ, ಕತ್ತರಿಸುತ್ತಿದ್ದೆ.

"ಅಲ್ರೀ, ನಾನು ಬರ್ದಿದ್ದು?"

"ಚಿತ್ರ ಇದೆಯಲ್ಲ. ಗೀಚಿದ್ದು ಯಾಕೆ?"

"ಸರಿ ಮೇಷ್ಟ್ರೇ. ತಿಮಿಂಗಿಲಕ್ಕೂ ಒಂದು ಯೂನಿಫಾರಂ ಹೊಲಿಸ್ಬಿಡಿ."

ನಗುತ್ತಿದ್ದಳು. ನಕ್ಕಳಲ್ಲ, ಬೇಸರವಿಲ್ಲ ಎಂದುಕೊಳ್ಳುತ್ತಿದ್ದೆ. ಬರೆಯುವುದನ್ನಂತೂ ಅವಳು ಬಿಡಲಿಲ್ಲ.

ಅವಳು ಹೋದ ಮೇಲೆ ಹನ್ನೊಂದು ಆಲ್ಬಮ್ ಉಳಿದಿವೆ. ಒಂದು ಹಾಳೆಯೂ ಸುಕ್ಕಾಗಿಲ್ಲ. ದಿನಾ ಸಂಜೆ ಐದಕ್ಕೆ ತೆರೆದು ಕೂರುತ್ತೇನೆ. ಬೆಟ್ಟ ಬೆಟ್ಟವಾಗಿದೆ, ಜೇಡ ಜೇಡವಾಗಿದೆ. ಬೆರಗು ಬರುವುದಿಲ್ಲ. ಅವಳಿಗೆ ಏನು ಕಂಡಿತ್ತೆಂದು ಗೊತ್ತಾದರೆ ಬಂದೀತೇನೋ ಎಂದು ಈ ಸೋಮವಾರದಿಂದ ಭೂತಗನ್ನಡಿ ಹಿಡಿದು ಒಂದೊಂದೇ ಅಂಚು ಹುಡುಕಿದೆ. ನನ್ನ ಕೈ ಎಲ್ಲೂ ತಪ್ಪಿಲ್ಲ.

ಒಂದು ಕಡೆ ತಪ್ಪಿತ್ತು. ಏಳನೇ ಆಲ್ಬಮ್, ಯಾವುದೋ ಸಿನಿಮಾದ ಸ್ಟಿಲ್ಲು: ಮಳೆ ನಿಂತ ಬೀದಿ, ಗೋಡೆಗೊರಗಿದ ಸೈಕಲ್ಲು. ಕೆಳಗೆ ದಾರದಷ್ಟು ಬಿಳಿ ಉಳಿದು, ಅದರಲ್ಲಿ ಏಳೆಂಟು ಅಕ್ಷರಗಳ ತಲೆಕಟ್ಟು. ಮಿಕ್ಕಿದ್ದು ಬ್ಲೇಡಿಗೆ ಹೋಗಿತ್ತು. ವಸುಧಾಗೆ ತೋರಿಸಿದೆ.

"ಅಮ್ಮನ ಅಕ್ಷರಾನೇ" ಎಂದಳು. ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಏನು ಅಂತ ಹೇಳಕ್ಕಾಗಲ್ಲಪ್ಪ."

"ನೀನಾದ್ರೂ ಆಗ ಓದಿದ್ಯಾ?"

"ಇಲ್ಲ. ಹೇಗಿದ್ರೂ ಆಲ್ಬಮ್‌ನಲ್ಲಿ ಇರತ್ತಲ್ಲ ಅಂದ್ಕೊಂಡಿದ್ದೆ."



ಕಮಲಳ ಚೀಲದಲ್ಲಿ ಒಂದೇ ಒಂದು ಚಿತ್ರ ಉಳಿದಿತ್ತು: ಕೆರೆಯಿಂದ ಮೇಲೇಳುತ್ತಿರುವ ಬೆಳ್ಳಕ್ಕಿಗಳು. ಅಂಚು ಪೂರ್ತಿ ಇದೆ, ಪೂರ್ತಿ ಬಿಳಿ. ಬರೆಯುವ ಮೊದಲೇ ಆಸ್ಪತ್ರೆ ಸೇರಿದ್ದಳು. ನಾನೇ ಒಂದು ಸಾಲು ಬರೆಯೋಣವೆಂದು ಪೆನ್ಸಿಲ್ ಚೂಪು ಮಾಡಿ ಒಂದು ಗಂಟೆ ಕೂತೆ. ಬೆಳ್ಳಕ್ಕಿ ಹದಿನಾಲ್ಕು ಇವೆ ಎಂಬುದರ ಹೊರತು ನನಗೆ ಏನೂ ಹೊಳೆಯಲಿಲ್ಲ.

ಸ್ಕೇಲು ಮುಟ್ಟದೆ ಹಾಗೆಯೇ ಅಂಟಿಸಿದೆ. ಚಿತ್ರ ಹಾಳೆಯಿಂದ ಎರಡು ಬೆರಳು ಹೊರಗೆ ಚಾಚಿದೆ; ಆಲ್ಬಮ್ಮು ಕಪಾಟಿನಲ್ಲಿ ಸಾಲಿಗೆ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಅಂಟಿನ ಪಾತ್ರೆ ತೊಳೆದು ಬೋರಲು ಹಾಕಿದೆ.