ನಲವತ್ತನೇ ನಿಮಿಷಕ್ಕೆ ನಿಜ ಹೇಳುವ ಮೊಣಕೈ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಸೈಕಲ್ ಅಂಗಡಿಯ ಮುಂದಿನ ರಸ್ತೆಯಲ್ಲಿ ಅರವತ್ತೊಂದು ವರ್ಷದ ಮನುಷ್ಯರೊಬ್ಬರು ಊಟದ ಡಬ್ಬಿಯ ಮುಚ್ಚಳವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದಾರೆ. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆದಿದೆ. ರಸ್ತೆಯ ಆ ತುದಿಯಿಂದ ಹೆಂಗಸೊಬ್ಬರು ಸೈಕಲ್ ಮೇಲೆ ಬಹುತೇಕ ಬೋರಲು ಮಲಗಿದಂತೆ ಬಾಗಿ, ಮೊಣಕೈಗಳನ್ನು ಹ್ಯಾಂಡಲ್ ಮೇಲಿನ ಮೆತ್ತೆಗಳಿಗೆ ಊರಿ ಬರುತ್ತಿದ್ದಾರೆ. ನಲವತ್ತು ಹೆಜ್ಜೆ ದೂರದಲ್ಲಿ ಅವರು ಕೂಗುತ್ತಾರೆ, “ಆರು!”

“ಅಂಕಿ ಸರಿ, ಕೈ ತಪ್ಪು,” ಎನ್ನುತ್ತಾರೆ ಮುಚ್ಚಳ ಹಿಡಿದವರು. “ನೋಡೋಕೆ ಅಂತ ಎಡಗೈ ಎತ್ತಿದ್ರಿ ಟೀಚರೇ.”

“ಎತ್ತಲಿಲ್ಲ ಅಣ್ಣಾ.”

“ಹಾಗಾದ್ರೆ ಅದೇ ಎದ್ದು ಹೋಯ್ತು ಅನ್ಸುತ್ತೆ. ನೋವಿದೆಯಾ?”

“ಇಲ್ಲಪ್ಪ, ಆರಾಮಾಗಿದೆ.”

ಅವರು ಮುಚ್ಚಳವನ್ನು ತಮ್ಮ ಹಣೆಗೆ ಎರಡು ಸಲ ಬಡಿದುಕೊಳ್ಳುತ್ತಾರೆ. ಠಣ್, ಠಣ್. ಆ ಸದ್ದಿಗೆ ಎದುರುಮನೆಯ ಕಿಟಕಿಯೊಂದು ತೆರೆದು ಮುಚ್ಚಿಕೊಳ್ಳುತ್ತದೆ. ಅಕ್ಕಪಕ್ಕದವರಿಗೆ ಇದು ರೂಢಿ.

ಊರಿನ ಸೈಕಲ್ ಸವಾರರು ಇವರನ್ನು ಕರೆಯುವುದು ಕೊಂಬಿನಣ್ಣ ಎಂದು. ವೇಗದ ಸೈಕಲ್‌ಗಳ ಹ್ಯಾಂಡಲ್ ಮುಂದೆ ಎರಡು ಕೊಂಬುಗಳಂತೆ ಚಾಚಿಕೊಂಡಿರುವ ಕೊಳವೆಗಳನ್ನು ನೀವೂ ನೋಡಿರಬಹುದು. ಅದಕ್ಕೆ ಏರೋಬಾರ್ ಎನ್ನುತ್ತಾರೆ. ಮೊಣಕೈ ಊರಲು ಎರಡು ಮೆತ್ತೆ, ಕೈ ಹಿಡಿಯಲು ಎರಡು ಕೊಂಬು. ಬೆನ್ನು ತಗ್ಗಿದಷ್ಟೂ ಎದುರುಗಾಳಿಯ ತಡೆ ಕಡಿಮೆ. ಆದರೆ ಅಂಗಡಿಯಲ್ಲಿ ಸಿಗುವ ಬಾರ್‌ಗಳ ಮೆತ್ತೆ ಹ್ಯಾಂಡಲ್‌ನಿಂದ ನಾಲ್ಕು ಬೆರಳು ಮೇಲೇ ಕೂರುತ್ತದೆ. ಅದನ್ನು ತಗ್ಗಿಸಿ, ತಗ್ಗಿಸಿದರೂ ನೋಯದ ಹಾಗೆ ಮಾಡಿಕೊಡುವುದು ಕೊಂಬಿನಣ್ಣನ ಕೆಲಸ. ಹನ್ನೊಂದು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಜೊತೆ ಮಾಡಿದ್ದಾರೆ. ಅಂಗಡಿಗೆ ಬೋರ್ಡು ಸಹ ಇಲ್ಲ.

“ತಗ್ಗಿಸೋದು ಅಂದ್ರೆ ಎಲ್ಲರೂ ಕೊಂಬನ್ನ ಮುಂದಕ್ಕೆ ಬಗ್ಗಿಸ್ತಾರೆ. ಇಳಿಜಾರಲ್ಲಿ ಮಲಗಿದ ಹಾಗೆ ಮೈಯೆಲ್ಲ ಮುಂದಕ್ಕೆ ಜಾರುತ್ತೆ. ಜಾರಬಾರದು ಅಂತ ಹೆಗಲು ಒದ್ದಾಡುತ್ತೆ, ಕತ್ತು ಸಾಯುತ್ತೆ,” ಎಂದು ಅವರು ವಿವರಿಸುತ್ತಾರೆ. ಅವರ ದಾರಿ ಬೇರೆ. ಕೊಳವೆಗಳನ್ನು ಹ್ಯಾಂಡಲ್‌ಗೆ ಬಿಗಿಯುವ ಹಿಡಿಕೆಯನ್ನು ಬಿಚ್ಚಿ ತಲೆಕೆಳಗು ಮಾಡಿ, ಅವನ್ನು ಹ್ಯಾಂಡಲ್‌ನ ಕೆಳಗಿನಿಂದ ತೂಗುಹಾಕುತ್ತಾರೆ. ಮೆತ್ತೆ ಹ್ಯಾಂಡಲ್ ಮಟ್ಟಕ್ಕೆ ಇಳಿಯುತ್ತದೆ. ಕೊಂಬಿನ ತುದಿಯನ್ನು ಮಾತ್ರ ಚೂರು ಮೇಲಕ್ಕೆ ಎತ್ತುತ್ತಾರೆ. ಆಗ ಮೈಭಾರ ಮೂಳೆಯ ಮೇಲೆ ಕೂರುತ್ತದೆ, ಹೆಗಲು ಸಡಿಲವಾಗುತ್ತದೆ, ತಲೆ ತಾನಾಗಿ ತಗ್ಗುತ್ತದೆ. ಅಳತೆಗೆ ತಕ್ಕಂತೆ ಕೊಂಬಿನಿಂದ ಕತ್ತರಿಸಿ ತೆಗೆದ ಲೋಹದ ತುಂಡುಗಳನ್ನು ಎಸೆಯುವುದಿಲ್ಲ. ಒಂದು ಲಕೋಟೆಗೆ ಹಾಕಿ ಸವಾರರ ಕೈಗೇ ಕೊಡುತ್ತಾರೆ. ಅವರವರ ವಸ್ತು ಅವರವರಿಗೆ.

ಇದನ್ನು ಅವರು ಕಲಿತದ್ದು ಸೈಕಲ್ ಅಂಗಡಿಯಲ್ಲಲ್ಲ, ಊರುಗೋಲಿನ ಕಾರ್ಖಾನೆಯಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿ ಕಂಕುಳ ಮೆತ್ತೆ ಕೂರಿಸುವ ಮೇಜಿನಲ್ಲಿದ್ದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸೈಕಲ್ ರಿಪೇರಿಗೆ ಕೂತರು. ಒಂದು ದಿನ ಬೇಕರಿಯವನೊಬ್ಬ ಮುರಿದ ಬಾರ್ ತಂದಾಗ ಇವರು ಬಾರ್ ನೋಡಲಿಲ್ಲ, ಅವನ ಮೊಣಕೈ ಮೇಲಿನ ಕಪ್ಪು ಕಲೆ ನೋಡಿದರು. “ಇದೂ ಒಂದು ಊರುಗೋಲೇ ಅಲ್ವಾ ಅನ್ನಿಸ್ತು. ನಿಂತು ಊರೋ ಬದಲು ಮಲಗಿ ಊರೋದು.”

ಮೆತ್ತೆ ಹೊಲಿಯುವುದು ಅವರ ಹೆಂಡತಿ. ಅಂಗಡಿಯ ಹಿಂದಿನ ಕೋಣೆಯೇ ಅಡುಗೆಮನೆ, ಅದರ ಕಿಟಕಿಯ ಕೆಳಗೇ ಹೊಲಿಗೆ ಯಂತ್ರ. ಮೆತ್ತೆಯೊಳಗಿನ ರಬ್ಬರು ಹಳೆಯ ಚಪ್ಪಲಿಯದು, ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲವಂತೆ. “ಈ ಮನೇಲಿ ಜೋಡಿ ಅಂತ ಉಳಿದಿರೋದು ನಾವಿಬ್ಬರೇ,” ಎನ್ನುತ್ತಾರೆ ಆಕೆ. “ಚಪ್ಪಲಿ ಯಾವುದಕ್ಕೂ ಜೋಡಿ ಇಲ್ಲ. ಮೊನ್ನೆ ನಮ್ಮ ನಾದಿನಿ ಬಂದು ಹೊರಡೋವಾಗ ಬರಿಗಾಲು.”

“ಹಳೇದು ಅಂದ್ಕೊಂಡೆ ಕಣೇ.”

“ನಾದಿನೀನೂ ಹಳಬಳೇ. ಅವಳನ್ನೂ ಕತ್ತರಿಸಿಬಿಡಿ.”

ಕೊಂಬಿನಣ್ಣನಿಗೆ ತಲೆ ಕೆಡುವುದು ಕೆಲಸದಿಂದಲ್ಲ, ಸವಾರರಿಂದ. ಬರುವವರು ಮೊಬೈಲಿನಲ್ಲಿ ಯಾರೋ ಹೆಸರಾಂತ ಸೈಕಲ್ ಸವಾರನ ಫೋಟೋ ತೋರಿಸಿ “ಹೀಗೇ ಮಾಡಿ” ಎನ್ನುತ್ತಾರೆ. ಅಳತೆಗೆ ಕೂರಿಸಿದರೆ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಫೋಟೋದವನಿಗಿಂತ ಚೆನ್ನಾಗಿ ಬಾಗುತ್ತಾರೆ. ಎಲ್ಲಿ ನೋಯುತ್ತದೆ ಎಂದರೆ ಎಲ್ಲರದೂ ಒಂದೇ ಉತ್ತರ, ಎಲ್ಲೂ ಇಲ್ಲ. “ಡಾಕ್ಟರ ಹತ್ರ ಹೋಗಿ ನನಗೇನೂ ಆಗಿಲ್ಲ ಅಂದ ಹಾಗೆ. ಮತ್ತೆ ಯಾಕಪ್ಪಾ ಬಂದೆ? ನೋವು ಅಂತ ಹೇಳ್ಕೊಂಡ್ರೆ ಮರ್ಯಾದೆ ಹೋಗುತ್ತಂತೆ. ನಂಗೆ ಸಾಕಾಗಿ ಹೋಗಿದೆ.”

ಅದಕ್ಕೇ ಅವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಸೈಕಲ್ಲಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ, ಮೆತ್ತೆಗಳಿಗೆ ಸೀಮೆಸುಣ್ಣದ ಪುಡಿ ಸವರಿ, ಸವಾರರನ್ನು ತುಳಿಯಲು ಬಿಟ್ಟು ತಾವು ಬೆನ್ನು ತಿರುಗಿಸಿ ಬೇರೆ ಕೆಲಸ ಹಿಡಿಯುತ್ತಾರೆ. ಹತ್ತು ನಿಮಿಷ ಎಲ್ಲರೂ ಶಿಲೆಯಂತೆ ಇರುತ್ತಾರೆ. ಇಪ್ಪತ್ತೈದಕ್ಕೆ ಸೊಂಟ ಸರಿಯುತ್ತದೆ. ನಲವತ್ತಕ್ಕೆ ಮೈ ತನಗೆ ಬೇಕಾದ ಜಾಗವನ್ನು ತಾನೇ ಹುಡುಕಿಕೊಂಡಿರುತ್ತದೆ. ಆಗ ಮೊಣಕೈಗೆ ಅಂಟಿದ ಪುಡಿಯ ಗುರುತು ನೋಡಿ ಅಳತೆ ಬರೆದುಕೊಳ್ಳುತ್ತಾರೆ. ದಿನಕ್ಕೆ ಇಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವುದಿಲ್ಲ.

ತಗ್ಗಿದ ಮೇಲೂ ಎದುರಿನದು ಕಾಣುತ್ತದೆಯೇ ಎಂದು ನೋಡುವ ಮುಚ್ಚಳದ ಪರೀಕ್ಷೆ ಶುರುವಾದದ್ದು ಎಂಟು ವರ್ಷದ ಹಿಂದೆ. ಒಬ್ಬ ಸವಾರ ಇನ್ನೂ ತಗ್ಗಿಸಿ ಎಂದು ಪೀಡಿಸಿದ. ಇವರು ತಗ್ಗಿಸಿದರು. ಅವನು ತಲೆ ಎತ್ತಲಾಗದೆ, ನಿಂತಿದ್ದ ಹಾಲಿನ ವ್ಯಾನಿಗೆ ಹೋಗಿ ಗುದ್ದಿ ಹೆಗಲ ಮೂಳೆ ಮುರಿದುಕೊಂಡ. “ತಪ್ಪು ನಂದೇ. ಅವನು ಕೇಳಿದ, ನಾನು ಕೊಟ್ಟೆ,” ಎನ್ನುವಾಗ ಅವರ ಧ್ವನಿಯಲ್ಲಿ ಸಿಡುಕಿಲ್ಲ. ಆ ಸವಾರನ ಪಟ್ಟಿ ಬಿಚ್ಚುವವರೆಗೂ ಆರು ವಾರ ಅವನ ಮನೆಗೆ ದಿನವೂ ಹೋಗಿ ಶರ್ಟಿನ ಗುಂಡಿ ಹಾಕಿಕೊಟ್ಟು ಬರುತ್ತಿದ್ದರೆಂದು ನನಗೆ ಹೇಳಿದ್ದು ಅವರ ಹೆಂಡತಿ.

ಟೀಚರ್ ವಿಷಯಕ್ಕೆ ಬರೋಣ. ಅವರು ಶಾಲೆಯೊಂದರಲ್ಲಿ ಆಟ ಕಲಿಸುವವರು. ನಲವತ್ತಮೂರು ವರ್ಷ. ಊರಿನ ಹೆಂಗಸರ ತಂಡದಲ್ಲಿ ನಾಲ್ಕನೆಯ ಜಾಗವೊಂದು ಖಾಲಿ ಇದೆ. ಮುಂದಿನ ವರ್ಷಕ್ಕೆ ಅವರು ವಯಸ್ಸಿನ ಮಿತಿ ದಾಟುತ್ತಾರೆ. ಶನಿವಾರ ಮೂವತ್ತು ಕಿಲೋಮೀಟರಿನ ಆಯ್ಕೆ. ಬೆನ್ನು ಈಗಿನದಕ್ಕಿಂತ ನಾಲ್ಕು ಬೆರಳು ತಗ್ಗಬೇಕು, ನಡುವೆ ಎದ್ದು ಕೂತರೆ ಜಾಗ ಇನ್ನೊಬ್ಬರಿಗೆ ಎಂದು ತರಬೇತುದಾರರು ಹೇಳಿಬಿಟ್ಟಿದ್ದಾರೆ. ಮೂರು ವಾರದಲ್ಲಿ ಎರಡು ಸಲ ಬಂದು, ಎರಡು ಸಲವೂ ಶಾಲೆಗೆ ಹೊತ್ತಾಯಿತೆಂದು ಹದಿನೈದು ನಿಮಿಷಕ್ಕೇ ಸ್ಟ್ಯಾಂಡಿನಿಂದ ಇಳಿದು ಓಡಿದ್ದಾರೆ.

ಈ ಬುಧವಾರ ಓಡಲು ಬಿಡುವುದಿಲ್ಲ. ಕೊಂಬಿನಣ್ಣ ಗೋಡೆ ಗಡಿಯಾರವನ್ನು ಹೊತ್ತು ಕಾಣದಂತೆ ತಿರುಗಿಸಿ ಹಾಕುತ್ತಾರೆ. ಟೀಚರ್ ಬಾಗಿ ತುಳಿಯುತ್ತಾರೆ. ಇಪ್ಪತ್ತನೇ ನಿಮಿಷಕ್ಕೆ ಹೆಂಡತಿ ಒಂದು ಲೋಟ ನೀರಿಗೆ ಉದ್ದದ ಕೊಳವೆ ಹಾಕಿ, ತಲೆ ಎತ್ತದೆ ಕುಡಿಯಲು ಬಾಯಿಯ ಬಳಿ ಹಿಡಿಯುತ್ತಾರೆ. ಹಣೆಯ ಬೆವರನ್ನು ಕೇಳದೆಯೇ ಒರೆಸುತ್ತಾರೆ.

ನಲವತ್ತಾಗುತ್ತದೆ. ಬಲ ಮೊಣಕೈಯಲ್ಲಿ ಬಿಳಿಯ ಗುರುತು ದುಂಡಗೆ, ನಟ್ಟನಡುವೆ ಇದೆ. ಎಡಗೈಯಲ್ಲಿ ಅಂಚಿಗೆ ಒಂದು ಗೆರೆ ಮಾತ್ರ.

“ಈ ಕೈ ಯಾವಾಗ ಮುರಿದಿದ್ದು?”

ಟೀಚರ್ ನೆಲ ನೋಡುತ್ತಾರೆ. “ಹನ್ನೆರಡು ವರ್ಷ ಇದ್ದಾಗ. ಪೂರ್ತಿ ನೆಟ್ಟಗಾಗಲ್ಲ. ತಂಡದವರಿಗೆ ಗೊತ್ತಿಲ್ಲ ಅಣ್ಣಾ, ಗೊತ್ತಾದ್ರೆ ತೆಗೀತಾರೆ ಅಂತ…”

“ತಂಡಕ್ಕೆ ಸುಳ್ಳು ಹೇಳ್ಕೊಳ್ಳಿ, ಅದು ನಿಮ್ಮ ನಿಮ್ಮಲ್ಲಿ. ನನಗ್ಯಾಕೆ ಹೇಳಿದ್ರಿ? ಮೂರು ವಾರ ನನ್ನ ತಲೆ ತಿಂದ್ರಲ್ಲ! ಮಕ್ಕಳು ಹೀಗೆ ಮಾಡಿದ್ರೆ ನೀವು ಏನು ಮಾಡ್ತೀರಿ?”

“ಹೊರಗೆ ನಿಲ್ಲಿಸ್ತೀನಿ.”

“ನಿಮ್ಮನ್ನ ಹೊರಗೆ ನಿಲ್ಲಿಸೋಕೂ ಟೈಮಿಲ್ಲ. ಶನಿವಾರ ಬಂತು.”

ಅಂದು ಎಡಗಡೆಯ ಮೆತ್ತೆಯನ್ನು ಎರಡು ಬೆರಳು ಹೊರಕ್ಕೆ, ಒಂದು ಬೆರಳು ಹಿಂದಕ್ಕೆ ಸರಿಸುತ್ತಾರೆ. ಎಡಗೊಂಬನ್ನು ಕುಯ್ದು ಗಿಡ್ಡ ಮಾಡುತ್ತಾರೆ. ಸೊಟ್ಟ ಕೈ ಕೂರುವಂತೆ ಹೆಂಡತಿ ಮೆತ್ತೆಯ ಹೊರ ಅಂಚನ್ನು ದಪ್ಪಗೆ ಹೊಲಿಯುತ್ತಾರೆ. ಮುಗಿದಾಗ ಎರಡು ಕೊಂಬು ಎರಡು ಥರ ಕಾಣುತ್ತವೆ.

“ಎಲ್ಲರೂ ನಗ್ತಾರೆ ಅಣ್ಣಾ.”

“ನಗೋರು ನಿಮ್ಮ ಹಿಂದೆ ಇರ್ತಾರೆ, ಕೇಳ್ಸಲ್ಲ. ತುಳೀರಿ.”

ಮರುದಿನ ಮುಂಜಾನೆ ಮತ್ತೆ ಮುಚ್ಚಳ. ಟೀಚರ್ ನಾಲ್ಕು ಬೆರಳು ತಗ್ಗಿ ಬರುತ್ತಾರೆ, ಎರಡೂ ಮೊಣಕೈ ಮೆತ್ತೆಯಲ್ಲೇ ಇವೆ. “ಒಂಬತ್ತು!” ಈ ಸಲ ಮುಚ್ಚಳ ಹಣೆಗೆ ಬಡಿಯುವುದಿಲ್ಲ.

ಮುಂದೇನು ಆಸೆ ಎಂದು ಕೇಳಿದರೆ ಕೊಂಬಿನಣ್ಣ ಸ್ಪ್ಯಾನರ್ ಒರೆಸುತ್ತ ಗೊಣಗುತ್ತಾರೆ. “ದೊಡ್ಡ ಅಂಗಡಿ, ಬೋರ್ಡು, ಅದೆಲ್ಲ ಬೇಡ. ಎಲ್ಲಿ ನೋಯುತ್ತೆ ಅಂದ್ರೆ ಇಲ್ಲಿ ಅನ್ನೋ ಒಬ್ಬ ಮನುಷ್ಯ ಬಂದ್ರೆ ಸಾಕು. ಆರುನೂರು ಜನದಲ್ಲಿ ಒಬ್ಬನೂ ಬಂದಿಲ್ಲ.”

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಟೀಚರ್ ಮುಚ್ಚಿದ ಷಟರಿನ ಮುಂದೆ ಕಾಯುತ್ತಿದ್ದಾರೆ. ನಿನ್ನೆಯ ಮೂವತ್ತು ಕಿಲೋಮೀಟರಿಗೆ ಐವತ್ತೆರಡು ನಿಮಿಷ, ಒಮ್ಮೆಯೂ ಎದ್ದು ಕೂತಿಲ್ಲ. ನಾಲ್ಕನೆಯ ಜಾಗ ಅವರದೇ. ಸೈಕಲ್ ನೋಡಿ ತರಬೇತುದಾರರೇ ಕೇಳಿದರಂತೆ, ಇವರೂ ಮುರಿದ ಕೈಯ ಕಥೆಯನ್ನು ಹೇಳಿದರಂತೆ. ಯಾರೂ ತೆಗೆಯಲಿಲ್ಲ.

ಷಟರ್ ಅರ್ಧ ಏರುತ್ತದೆ. ಕೊಂಬಿನಣ್ಣ ಬಗ್ಗಿ ಹೊರಬಂದು ಸುದ್ದಿ ಕೇಳಿ ತಲೆಯಾಡಿಸುತ್ತಾರೆ, ಅಷ್ಟೇ. ಆಮೇಲೆ ಎಂದಿನ ಪ್ರಶ್ನೆ. “ಎಲ್ಲಿ ನೋಯ್ತು?”

“ಎಲ್ಲೂ…” ಎಂದು ಬಾಯಿ ತೆರೆದ ಟೀಚರ್ ಅಲ್ಲಿಗೇ ನಿಲ್ಲಿಸುತ್ತಾರೆ. “ಬಲಗಡೆ, ಹೆಗಲ ಕೆಳಗೆ. ಮೂವತ್ತೈದನೇ ನಿಮಿಷದಿಂದ. ಜಾಸ್ತೀನೇ ನೋಯ್ತು ಅಣ್ಣಾ.”

ಕೊಂಬಿನಣ್ಣ ಅಡುಗೆಮನೆಯ ಕಡೆ ತಿರುಗುತ್ತಾರೆ. “ಕೇಳಿಸ್ತೇನೇ? ಒಬ್ಬರು ಬಂದ್ರು.”

“ಗಟ್ಟಿಯಾಗಿ ಹಿಡ್ಕೊಳ್ಳಿ, ಓಡಿಹೋಗಿಬಿಟ್ಟಾರು,” ಎಂದು ಒಳಗಿನಿಂದ ಉತ್ತರ ಬರುತ್ತದೆ.

ಅವರಾಗಲೇ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಬಲಗಡೆಯ ಮೆತ್ತೆಗೆ ಸೀಮೆಸುಣ್ಣ ಸವರುತ್ತಿದ್ದಾರೆ. ಗಡಿಯಾರವನ್ನು ತಿರುಗಿಸಲು ಹೋಗುವುದಿಲ್ಲ.