ಒಂದು ತಿಂಗಳ ಬಳೆ

ಹನಮಂತವ್ವನನ್ನು ಮೊಂಡಿ ಎನ್ನುವವರು ನಮ್ಮ ಬೆಟಗೇರಿಯಲ್ಲಿ ಈಗಲೂ ಇದ್ದಾರೆ. ಗಂಡ ರಂಗೂನಿನಿಂದ ಬಂದರೂ ಅವಳು ಒಳಗೆ ಕರೆಯಲಿಲ್ಲವಂತೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಡೆದದ್ದನ್ನು ನಾನು ಕಣ್ಣಾರೆ ಕಂಡವಳು.

ಅವಳ ಗಂಡ ಯಂಕಪ್ಪ ಅರಿವೆ ವ್ಯಾಪಾರದ ಸಾಹುಕಾರನೊಬ್ಬನ ಜೊತೆ ರಂಗೂನಿಗೆ ಹೋದಾಗ ಅವಳಿನ್ನೂ ಎಳೆಯ ಹುಡುಗಿ. ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಮುಂದೆ ಅಲ್ಲಿ ಜಪಾನಿನವರ ಬಾಂಬು ಬಿದ್ದವು. ಅವನಿದ್ದ ಓಣಿಯೇ ಸುಟ್ಟುಹೋಯಿತೆಂದು ಅಲ್ಲಿಂದ ನಡೆದು ಬಂದವರು ಯಾರೋ ಹೇಳಿದರಂತೆ. ಆ ಖಬರು ತಂದವನು ಯಂಕಪ್ಪನ ಜೀವದ ಗೆಳೆಯ ಉಡಚಪ್ಪ. ಒಂದು ವರ್ಷ ಕಾದರು. ಆಮೇಲೆ ಹಿರಿಯರು ಕೂಡಿ ಹೆಣದ ಬದಲು ಹಿಟ್ಟಿನ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಿದರು.

"ಹೆಣ ನೋಡಿದವರು ಯಾರದಾರ್ರಿ?" ಎಂದು ಹನಮಂತವ್ವ ಚೀರಾಡಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಡಚಪ್ಪನ ತಾಯಿ ತಿಪ್ಪವ್ವ ಅವಳ ಕೈ ಒತ್ತಿ ಹಿಡಿದು ಬಳೆ ಒಡೆದಳು.

ಅಂದಿನಿಂದ ಅವಳು ಯಾವ ಶುಭಕಾರ್ಯಕ್ಕೂ ಬೇಡವಾದಳು. ಹೊಟ್ಟೆಪಾಡಿಗೆ ಗಂಡನ ಕುಣಿಮಗ್ಗದ ಕುಣಿಗೆ ತಾನೇ ಇಳಿದು ನೇಯತೊಡಗಿದಳು. ಗಂಡಸರು ಕೂಡುವ ಜಾಗದಲ್ಲಿ ಹೆಂಗಸು ಕೂತಳೆಂದು ಓಣಿ ಆಡಿಕೊಂಡಿತು. ಅವಳು ನೇಯ್ದ ಸೀರೆ ಮಾತ್ರ ಎಲ್ಲರಿಗೂ ಬೇಕಾಗಿತ್ತು. ಉಡಚಪ್ಪನ ಮಗಳು ಹನಮಂತವ್ವ ನೇಯ್ದ ಸೀರೆಯನ್ನೇ ಉಟ್ಟು ಹಸೆಮಣೆ ಏರಿದಳು. ಅದೇ ಮದುವೆಯಲ್ಲಿ ನೇಯ್ದವಳಿಗೆ ಹಿತ್ತಲಲ್ಲಿ ಎಲೆ ಹಾಕಿದರು. ನಾಚಿಕೆಗೆಟ್ಟ ಮಂದಿ!

ಕರ್ನಾಟಕ ಒಂದಾದ ವರ್ಷ ದೀಪಾವಳಿಗೆ ಯಂಕಪ್ಪ ಬಂದಿಳಿದ. ಹೊಟ್ಟೆ ಬಂದಿತ್ತು, ಕೈಯಲ್ಲಿ ವಾಚಿತ್ತು. ಗದಗ ಸ್ಟೇಶನ್ನಿನಿಂದ ನೆಟ್ಟಗೆ ಹೋದದ್ದು ಉಡಚಪ್ಪನ ಮನೆಗೆ, ಹೆಂಡತಿಯ ಮನೆಗಲ್ಲ. ಗೆಳೆಯರೆಲ್ಲ ತಬ್ಬಿಕೊಂಡು ಅತ್ತರು. ಯುದ್ಧ ಮುಗಿದು ಹತ್ತು ವರ್ಷದ ಮೇಲಾಗಿತ್ತಲ್ಲ, ಒಂದು ಕಾಗದ ಯಾಕೆ ಬರೆಯಲಿಲ್ಲ ಎಂದು ಅವರಲ್ಲಿ ಒಬ್ಬನಾದರೂ ಕೇಳಿದನೇ? ಅಲ್ಲಿ ದುಕಾನವಿದೆ, ಹೆಂಡತಿ ಮಕ್ಕಳಿದ್ದಾರೆ ಎಂದು ಅವನೇ ನಗುನಗುತ್ತ ಹೇಳಿಕೊಂಡ.

ಮರುದಿನ ಅವನಿಗೆ ಮಾಲೆ ಹಾಕಿ, ಹಲಗೆ ಬಾರಿಸುತ್ತ ನಮ್ಮ ಓಣಿಗೆ ಕರೆತಂದರು. ಜೊತೆಗೆ ಬಳೆಗಾರ್ತಿ ಬೀಬಿಜಾನಳನ್ನೂ ಕರೆದುಕೊಂಡು ಬಂದಿದ್ದರು. ಹನಮಂತವ್ವ ಮಗ್ಗ ಬಿಟ್ಟೆದ್ದು ಬಾಗಿಲಿಗೆ ಬಂದಳು. ಗಂಡನನ್ನು ನೋಡಿ ಅವಳ ಕಣ್ಣು ತುಂಬಿದ್ದು ಸುಳ್ಳಲ್ಲ.

"ಆರಾಮ ಅದೀರಿ?" ಎಂದಳು.

ಅವನು ತಲೆಯಾಡಿಸುವುದರೊಳಗೆ ಉಡಚಪ್ಪ ಮುಂದೆ ಬಂದ. "ತಂಗಿ, ಜಲ್ದಿ ಬಳಿ ಇಟಗೊ. ಗಂಡ ಬರಿಗೈ ನೋಡಬಾರದು. ಬಳಿ ಇಟಗೊಂಡು ಆರತಿ ಮಾಡು, ಒಳಗ ಬರ್ತಾನ."

ಅವಳು ಗಂಡನನ್ನೇ ಕೇಳಿದಳು. "ಎಷ್ಟು ದಿನ ಇರ್ತೀರಿ?"

"ಒಂದು ತಿಂಗಳು. ದುಕಾನ ಐತಲ್ಲ."

"ಆಮ್ಯಾಲೆ?"

ಯಂಕಪ್ಪ ಗೆಳೆಯನ ಮುಖ ನೋಡಿದ. "ಮತ್ತ ಬರ್ತಾನವಾ, ನಮ್ಮನ್ನ ಬಿಟ್ಟು ಎಲ್ಲಿ ಹೋಗ್ತಾನ?" ಎಂದ ಉಡಚಪ್ಪ.

"ಬರದಿದ್ರ ಒಡಿಯಾಕ ಯಾವಾಗ ಬರ್ತೀರಿ, ಅದನ್ನೂ ಈಗ ಹೇಳಿಬಿಡ್ರಿ ಅಣ್ಣಾ. ಒಂದು ತಿಂಗಳಿನ ಬಳಿ ನನಗ ಬ್ಯಾಡ." ಗಂಡನ ಕಡೆ ತಿರುಗಿ ಹೇಳಿದಳು: "ರೊಟ್ಟಿ ಮಾಡೇನಿ. ಈ ಬರಿಗೈಲೆ ಬಡದದ್ದು. ಉಣ್ಣೂದಿದ್ರ ಒಳಗ ಬರ್ರಿ."

ಬರ್ರಿ ಎಂದಳು, ಕೇಳಿದಿರಾ? ಅವಳು ಕರೆಯಲಿಲ್ಲ ಎನ್ನುವವರ ಬಾಯಲ್ಲಿ ಹುಳ ಬೀಳಲಿ.

ಯಂಕಪ್ಪ ಹೊಸ್ತಿಲಿಗೆ ಕಾಲೆತ್ತಿದ. ತಿಪ್ಪವ್ವ ಅವನ ಅಂಗಿ ಜಗ್ಗಿದಳು. "ಬ್ಯಾಡೋ ಯಪ್ಪಾ, ನಿನಗ ಕೆಡುಕು ಆಕ್ಕೈತಿ." ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಬೀಬಿಜಾನ ಬಳೆ ಬುಟ್ಟಿ ಮುಚ್ಚಿದಳು.

ಆ ತಿಂಗಳಿಡೀ ಅವನು ಉಡಚಪ್ಪನ ಮನೆಯಲ್ಲೇ ಉಳಿದ. ಲಕ್ಷ್ಮೇಶ್ವರದ ನೆಂಟರ ಮನೆಯಲ್ಲಿ ಉಂಡ, ಮುಂಡರಗಿಯಲ್ಲಿ ಉಂಡ, ನಮ್ಮ ಓಣಿಯ ಮನೆಮನೆಯಲ್ಲೂ ಉಂಡ. ನಮ್ಮ ಮನೆಗೆ ಮಾತ್ರ ನಾವು ಕರೆಯಲಿಲ್ಲ. ಹನಮಂತವ್ವ ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಮರುದಿನ ತಂಗಳು ತಾನೇ ತಿಂದಳು.

ಹೊರಡುವ ದಿನ ಬೆಳಿಗ್ಗೆ ಗೆಳೆಯರ ಪೈಕಿ ಅಂದಪ್ಪ ಬಂದು ಬಾಗಿಲಲ್ಲೇ ನಿಂತ. "ಯಂಕಪ್ಪ ಹೊಂಟಾನವಾ. ಟಾಂಗಾ ದಾಟೂತನಕ ನೀ ಹೊರಗ ಬರಬ್ಯಾಡ. ಬರಿಗೈಲೆ ಎದುರಿಗೆ ಬಂದ್ರ ಶಕುನ ಚಲೋ ಆಗಂಗಿಲ್ಲ."

ಗಂಡ ಜೀವಂತ ಇರುವ ಹೆಂಗಸಿಗೆ ಹೇಳುವ ಮಾತೇ ಇದು? ಹನಮಂತವ್ವ ಅವನನ್ನು ಬದಿಗೆ ಸರಿಸಿ ಹೊರಬಿದ್ದಳು, ಓಣಿಯ ನಡುವೆ ಹೋಗಿ ನಿಂತಳು. ನಾನೂ ಪಕ್ಕದಲ್ಲಿ ಹೋಗಿ ನಿಂತೆ. ಟಾಂಗಾ ಬಂತು, ನಮ್ಮಿಬ್ಬರನ್ನು ಕಂಡು ನಿಂತಿತು.

"ಇಳೀರಿ," ಎಂದಳು. "ನಾ ನಿಮ್ಮ ಹೆಂತಿ ಹೌದೋ ಅಲ್ಲೋ, ಈ ಮಂದಿ ಮುಂದ ಒಂದು ಮಾತು ಹೇಳಿ ಹೋಗ್ರಿ."

ಬಾಗಿಲು ಬಾಗಿಲಿಗೆ ಜನ ಬಂದು ನಿಂತರು. ಯಂಕಪ್ಪ ಮುಖ ಎತ್ತಲಿಲ್ಲ. ಟಾಂಗಾದವನ ಭುಜ ಮುಟ್ಟಿ ಹೇಳಿದ:

"ಹಿಂದಕ ತಿರುಗಿಸೋ ಮಾರಾಯಾ. ಆ ಕಡೆ ಓಣಿಲೆ ಹೋಗೂಣು."